ಬೂದಿಗೆರೆಯ ಬಾವಿಯಿಂದ ಒಂದು ಸೀಸೆ ಜೇಡಿ

ಏಳಕ್ಕೆ ಹೊರಡಬೇಕಿದ್ದ ಇದ್ದಿಲು ಬಸ್ಸು ಎಂಟಕ್ಕೆ ಹೊರಟಿತು. ಯುದ್ಧದ ದೆಸೆಯಿಂದ ಪೆಟ್ರೋಲು ಸಿಗುತ್ತಿರಲಿಲ್ಲ. ಹಿಂದೆ ಕಟ್ಟಿದ್ದ ಒಲೆಗೆ ಗಾಳಿ ಹಾಕಿ ಹಾಕಿ ಕ್ಲೀನರು ಬೇಸತ್ತಿದ್ದ. ಟಿಕೀಟು ಆರಾಣೆ. ಕೈಚೀಲದಲ್ಲಿ ಕುದಿಸಿ ಒಣಗಿಸಿದ ನಾಲ್ಕು ಸೀಸೆ, ಚಾಕು, ಮೇಣ, ಬಾಳೆಲೆಯಲ್ಲಿ ಎರಡು ರೊಟ್ಟಿ. ಏರು ಬಂದಾಗಲೆಲ್ಲ ಇಳಿದು ನಡೆದೆವು. ಪಕ್ಕದಲ್ಲಿದ್ದ ರೇಷ್ಮೆಗೂಡಿನ ವ್ಯಾಪಾರಿ "ಒಬ್ರೇ ಹೊರಟಿದ್ದೀರಾ?" ಎಂದು ಎರಡು ಸಲ ಕೇಳಿದ. ಎರಡು ಸಲವೂ ಹೌದೆಂದೆ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ನನ್ನ ಕೆಲಸ ಮಣ್ಣು ತೊಳೆಯುವುದು. ನೆಲದಾಳದ ಜೇಡಿಯನ್ನು ಆಸಿಡ್ಡಿನಲ್ಲಿ ಕರಗಿಸಿದರೆ, ಎಂದೋ ಉದುರಿ ಹೂತುಹೋದ ಪರಾಗ, ಜರಿಗಿಡದ ಬೀಜಕಣ ಕರಗದೆ ಉಳಿಯುತ್ತವೆ. ಎರಡು ಊರಿನ ಜೇಡಿಯಲ್ಲಿ ಒಂದೇ ಬಗೆಯ ಕಣಗಳಿದ್ದರೆ ಆ ಪದರಗಳು ಒಂದೇ ಕಾಲದವು ಎನ್ನಬಹುದು. ನೆಲಮಂಗಲದ ಬಾವಿಯ ಜೇಡಿಯಲ್ಲಿ ಬರಿಯ ಜರಿಗಿಡದ ಕಣಗಳಿದ್ದವು. ಪ್ರೊಫೆಸರು ತಾವೇ ಹೋಗಿ ತಂದ ಬೂದಿಗೆರೆಯ ಜೇಡಿಯಲ್ಲಿ ಮಾತ್ರ ಸರ್ವೆಮರದ ಪರಾಗ! ಸರ್ವೆ ನಮ್ಮ ಸೀಮೆಗೆ ಬಂದದ್ದೇ ಅಜ್ಜಂದಿರ ಕಾಲದಲ್ಲಿ, ರೈಲಿನ ಸೌದೆಗೆಂದು. "ನಿಮ್ಮ ಪಾತ್ರೆ ಶುದ್ಧವಿಲ್ಲ" ಎಂದರು ಪ್ರೊಫೆಸರು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿಯೂ ಹೇಳಿದರು. ಒಂದು ದಿನದ ರಜ ಕೇಳಿ ಹೊರಟಿದ್ದೆ.

ಬಸ್ಸು ಇಳಿದ ಮೇಲೆ ಮೂರು ಮೈಲಿ ನಡಿಗೆ. ರಾಗಿ ಕೊಯ್ದ ಹೊಲಗಳು, ಅವರೆಯ ಸೊಗಡು. ದಾರಿಯಲ್ಲಿ ಯಾರೂ ಎದುರಾಗಲಿಲ್ಲ.

ಬಾವಿಯ ಪಕ್ಕದಲ್ಲಿ ತೋಡಿ ಹಾಕಿದ ಮಣ್ಣಿನ ಗುಡ್ಡೆ, ಅದರ ಮೇಲೆ ಬಾಗಿದಂತೆ ಸಾಲಾಗಿ ಸರ್ವೆಮರಗಳು. ನೋಡಿದ ಕೂಡಲೇ ಅರ್ಧ ತಿಳಿಯಿತು. ಉಳಿದರ್ಧ ಬಾವಿ ತೋಡುವ ಚಿಕ್ಕಣ್ಣ ಹೇಳಿದ: "ಆವತ್ತಿನ ಸಾಹೇಬ್ರು ಕೆಳಕ್ಕೆ ಇಳೀಲೇ ಇಲ್ಲ ಕಣವ್ವ. ಬೂಟು ಕೆಸರಾಯ್ತದೆ ಅಂತ ಈ ಗುಡ್ಡೆಯಿಂದ್ಲೇ ತುಂಬ್ಕೊಂಡ್ ಹೋದ್ರು."

"ಒಳಗಿನ ಜೇಡಿ ಇನ್ನೂ ಕಾಣುತ್ತದೆಯೇನಪ್ಪಾ?"

"ಇವತ್ತು ಕಾಣ್ತದೆ. ನಾಳೆ ಕಲ್ಲು ಕಟ್ಬಿಡ್ತೀವಿ. ಆಮ್ಯಾಕೆ ದೇವ್ರೇ ಬಂದ್ರೂ ಕಾಣಾಕಿಲ್ಲ."

ಕಲ್ಲು ಕಟ್ಟುವ ಮುನ್ನ ಗಂಗೆಪೂಜೆ ನಡೆದಿತ್ತು. ಬಾವಿ ತೋಡಿಸುತ್ತಿದ್ದ ಮನೆಯ ಯಜಮಾನಿ ಮುನಿಯಮ್ಮ ಬಂದ ಹೆಂಗಸರಿಗೆಲ್ಲ ಚೆಂಡುಹೂ ಹಂಚುತ್ತ, ನನ್ನ ಬೋಳು ಹಣೆ ನೋಡಿ ಮುಂದೆ ಹೋದರು. ಹನ್ನೊಂದು ವರ್ಷದಿಂದ ರೂಢಿಯಾಗಿದೆ. ಆ ಹೊತ್ತಿಗೆ ಒಳ್ಳೆಯದೇ ಆಯಿತೆಂದುಕೊಂಡೆ. ಹೂವಿನ ಪುಡಿ ಸೀಸೆಗೆ ಬಿದ್ದರೆ ಎಲ್ಲ ಕೆಟ್ಟಂತೆ. ಅಷ್ಟರಲ್ಲಿ ಅವರ ಸೊಸೆ ಲಕ್ಷ್ಮಿ ಮೆಲ್ಲಗೆ ಬಳಿಗೆ ಬಂದು, "ತಗಳಿ ಅಕ್ಕ, ಹೂವೇನ್ ಪಾಪ ಮಾಡೈತೆ" ಎಂದು ಕೈ ಚಾಚಿದಳು. ನಾನು ಬೆಚ್ಚಿ, ಸೀಸೆಗಳ ಮೇಲೆ ಸೆರಗು ಎಳೆದುಕೊಂಡು, "ಬೇಡ, ದೂರ ಇರಮ್ಮ" ಎಂದುಬಿಟ್ಟೆ. ಅವಳ ಮುಖ ಸಣ್ಣದಾಯಿತು. ನಾನು ಬಿಡಿಸಿ ಹೇಳುವ ಮೊದಲೇ ಹೊರಟುಹೋದಳು.

ಸೆರಗು ಬಿಗಿದು ಏಣಿ ಇಳಿದೆ. ಮೇಲಿನಿಂದ ಯಾರೋ ಕೂಗಿದರು: "ಯಾವ ಬಸ್ರಿಗವ್ವ ಇಷ್ಟು ಆಳದ ಮಣ್ಣು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಗೋಡೆಯ ಹೊರಮೈಯನ್ನು ಗೇಣುದ್ದ ಕೆತ್ತಿ ಬಿಸಾಡಿ, ಚಾಕು ಒರೆಸಿ, ಒಳಗಿನ ಕಪ್ಪು ಜೇಡಿಯನ್ನು ತುಂಬಿದೆ. ಅಲ್ಲಿಯೇ ಬಿರಡೆ ಹಾಕಿ ಮೇಣ ಮೆತ್ತಿದೆ.

ಮೇಲೆ ಬಂದು ಲಕ್ಷ್ಮಿ ಎಲ್ಲಿ ಎಂದೆ. "ಹೊಲಕ್ಕೋದ್ಲು" ಎಂದರು ಮುನಿಯಮ್ಮ. ಜಗುಲಿಯ ಮೇಲೆ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಒಬ್ಬಳೇ ಕೂತು ಉಂಡೆ. ಅವಳು ಬಂದಾಳೆಂದು ಕಾದು, ಕೊನೆಗೆ ಬಸ್ಸಿಗೆ ಓಡಬೇಕಾಯಿತು.

ಮುಂದಿನ ವಾರ ಪ್ರೊಫೆಸರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಸರ್ವೆಯ ಒಂದು ಕಣವೂ ಇರಲಿಲ್ಲ. ಇದ್ದದ್ದೆಲ್ಲ ನೆಲಮಂಗಲದ್ದೇ ಜರಿಗಿಡ. "ಎರಡೂ ಒಂದೇ ಕಾಲದ್ದು," ಎಂದರು. "ಈ ಸಲ ಚೆನ್ನಾಗಿ ತೊಳೆದಿದ್ದೀರಿ."

"ತೊಳೆದದ್ದು ಎಂದಿನ ಹಾಗೆಯೇ ಸಾರ್. ಮಣ್ಣು ಮಾತ್ರ ಬಾವಿಯ ಒಳಗಿನದು."

ನಾನು ಅವರು ತಂದಿದ್ದ ಹಳೆಯ ಸೀಸೆಯನ್ನು ಕಪಾಟಿನಿಂದ ಇಳಿಸಿ, ಅದರ ಚೀಟಿಯ ಮೇಲೆ 'ಗುಡ್ಡೆಯ ಮಣ್ಣು' ಎಂದು ಬರೆದೆ.