ಓನರ್ ಆಂಟಿಯ ಫ್ರಿಜ್ಜು

ಬಸವೇಶ್ವರನಗರದ ಮಹಡಿ ಮನೆಯಲ್ಲಿ ನಾವಿಬ್ಬರು ಹೆಂಗಸರು ಸಂಸಾರ ಹೂಡಿದ್ದೆವು. ಬೀದಿಯವರಿಗೆ ಬರೀ ಗೆಳತಿಯರು. ಕೆಳಗೆ ಓನರ್ ಆಂಟಿ. "ಊರ ಉಸಾಬರಿ ನಂಗ್ಯಾಕಮ್ಮ" ಎನ್ನುತ್ತಲೇ ನಮ್ಮ ಸಾರಿಗೆ ಉಪ್ಪು ಹೆಚ್ಚಾದದ್ದನ್ನೂ ತಿಳಿದಿರುತ್ತಿದ್ದರು.

ಮಗುವಿಗಾಗಿ ನನ್ನವಳು ಚಿಕಿತ್ಸೆ ಶುರುಮಾಡಿದಳು. ಇಂಜೆಕ್ಷನ್ನುಗಳನ್ನು ತಣ್ಣಗಿಡಲು ನಮ್ಮಲ್ಲಿ ಫ್ರಿಜ್ಜಿರಲಿಲ್ಲ. ಆಂಟಿ ಡಬ್ಬಿಯ ಮೇಲಿನದನ್ನೆಲ್ಲ ಓದಿ, ಮೊಟ್ಟೆಗೂ ಪ್ರವೇಶವಿಲ್ಲದ ತಮ್ಮ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಜಾಗ ಕೊಟ್ಟರು. ಎದುರುಮನೆಯಾಕೆ ವಿಚಾರಿಸಿದಾಗ "ಆ ಹುಡ್ಗೀಗೆ ಶುಗರ್ ಕಣ್ರೀ" ಎಂದುಬಿಟ್ಟರು.

ಚಿಕಿತ್ಸೆ ಫಲಿಸಿತು. ನನ್ನವಳ ಏಳನೇ ತಿಂಗಳಲ್ಲಿ ಎದುರುಮನೆಯಾಕೆ ಗೇಟಿಗೇ ಬಂದರು. "ಶುಗರ್ ಬಂದ್ರೆ ಹೊಟ್ಟೆ ಬರುತ್ತೇನ್ರೀ?"

"ಊರ ಉಸಾಬರಿ ನಂಗ್ಯಾಕಮ್ಮ," ಎಂದು ಆಂಟಿ ಗೇಟು ಹಾಕಿದರು.

ಇನ್ನು ಆಂಟಿ ಮನೆ ಖಾಲಿ ಮಾಡಿಸುತ್ತಾರೆ ಎಂದುಕೊಂಡೆ. ಸಂಜೆ ಮೇಲೆ ಬಂದವರು ನನ್ನವಳಿಗೆ ಹಸಿರು ಬಳೆ ತೊಡಿಸಿ, ನನ್ನತ್ತ ತಿರುಗಿದರು.

"ಸುಮ್ನೆ ನಿಂತ್ಕೊಂಡ್ರೆ ಹೇಗೆ? ನಿನ್ನ ಸೈಜೂ ತಂದಿದೀನಿ. ಕೈ ಚಾಚು."