ಮೂರು ಮನೆಗೆ ಒಂದೇ ಒಲೆ

ಹಟ್ಟಿಕೇರಿಯ ರೈತರ ಮನೆಯ ಜಯಂತಿ ಹದಿನಾಲ್ಕಕ್ಕೆ ಮದುವೆಯಾಗಿ ಅಂಕೋಲೆಗೆ ಬಂದವಳು. ಅಂದಿನಿಂದ ಆ ಮನೆಯ ಒಲೆ ಅವಳಿಲ್ಲದೆ ಹೊತ್ತಿದ್ದೇ ಅಪರೂಪ. ಮೂವತ್ತಾರನೇ ಇಸವಿಯ ಮಳೆಗಾಲದಲ್ಲಿ ಗಂಡ ದೇವಿದಾಸ ಮಾಸ್ತರ ಜಗಲಿಯಲ್ಲಿ ಗೆಳೆಯರಿಗೆ ಒಂದು ದ್ವೀಪದ ಸಂಗತಿ ಹೇಳುತ್ತಿದ್ದ. ನಾನೂರು ವರ್ಷದ ಹಿಂದೆ ಯುರೋಪಿನ ಪಂಡಿತನೊಬ್ಬ ಕಲ್ಪಿಸಿದ ರಾಜ್ಯವಂತೆ. ಅಲ್ಲಿ ಯಾರಿಗೂ ಸ್ವಂತ ಆಸ್ತಿಯಿಲ್ಲ, ದಿನಕ್ಕೆ ಆರೇ ತಾಸು ಕೆಲಸ, ಎಲ್ಲರ ಊಟವೂ ಒಂದೇ ಕಡೆ.

"ಅಡುಗೆ ಯಾರು ಮಾಡುದು?" ಜಯಂತಿ ಒಳಗಿನಿಂದ ಕೇಳಿದಳು.

"ಹೆಂಗಸರು. ಪಾಳಿಯ ಮೇಲೆ."

ಪಾಳಿ ಎಂಬ ಮಾತಿಗೆ ಅವಳ ಜೀವ ಹಗುರವಾಯಿತು. ತವರು ಹಟ್ಟಿಕೇರಿಯಲ್ಲಿ ಹೆತ್ತ ಆಯಿ ಹಾಸಿಗೆ ಹಿಡಿದಿದ್ದಳು. ಹೋಗಿ ಒಮ್ಮೆ ಎಣ್ಣೆ ಹಚ್ಚಿ ಮೀಯಿಸಿ ಬರಬೇಕು.

ದಸರೆ ಕಳೆದದ್ದೇ ಮಾಸ್ತರನೂ ಇಬ್ಬರು ಗೆಳೆಯರೂ ಮೂರು ಮನೆಯ ಊಟ ಒಂದೇ ಕಡೆ ಮಾಡುವ ಪ್ರಯೋಗಕ್ಕಿಳಿದರು. ವಯಸ್ಸಾಗಿ ಒಲೆ ಬಿಟ್ಟಿದ್ದ ಅತ್ತೆ, ಅಂದರೆ ದೇವಿದಾಸನ ಆಯಿ, ಬೇರೆ ಮನೆಯಲ್ಲಿ ಉಣ್ಣುವವಳಲ್ಲ, ಹಾಗಾಗಿ ಒಲೆ ಇಲ್ಲಿಯದೇ. ಜಯಂತಿ, ಗೆಳೆಯರ ಹೆಂಡಿರಾದ ಕಾಶಿ, ಮಂದಾಕಿನಿ ಸರದಿಯಲ್ಲಿ ಬೇಯಿಸಬೇಕು. ಗಂಡಸರು ಎಲ್ಲವನ್ನೂ ಯೋಚಿಸಿದ್ದರು. ಹೆಂಗಸರು ತಿಂಗಳಿಗೊಮ್ಮೆ ಮುಟ್ಟಾಗಿ ಹೊರಗೆ ಕೂರುತ್ತಾರೆ, ಆಗ ಒಲೆಯ ಹತ್ತಿರ ಬರುವಂತಿಲ್ಲ ಎಂಬುದೊಂದು ಮಾತ್ರ ಯಾರ ತಲೆಗೂ ಬಂದಿರಲಿಲ್ಲ. ಬಸುರಿ ಕಾಶಿ ತವರಿಗೆ ಹೋದಾಗ ಅವಳ ಪಾಳಿ ಜಯಂತಿಗೆ ಬಂತು. ನೀರು ಸೇದುವುದು, ಮಸಾಲೆ ಅರೆಯುವುದು, ಮೂರು ಮನೆಯವರ ಎಂಜಲು ಬಳಿಯುವುದು ಮೊದಲಿಂದಲೂ ಯಾವ ಪಾಳಿಯಲ್ಲೂ ಇರಲಿಲ್ಲ, ಅವೆಲ್ಲ ಜಯಂತಿಯವೇ.

ಆಯಿಗೆ ಮೇಲುಸಿರು ಹತ್ತಿದೆಯೆಂದು ಹಟ್ಟಿಕೇರಿಯಿಂದ ಅಣ್ಣ ಹೇಳಿ ಕಳಿಸಿದ. ಅಂದು ಮಂದಾಕಿನಿಯ ಪಾಳಿ. ಜಯಂತಿ ಸೀರೆಯ ಗಂಟು ಕಟ್ಟಿ, ಹಟ್ಟಿಕೇರಿಯ ಮೇಲೆ ಹೋಗುವ ಕಾರವಾರದ ಮೋಟಾರು ಬಸ್ಸಿಗೆ ಹೊರಟು ನಿಂತಳು. ಮಂದಾಕಿನಿ ಬೇಲಿಯಾಚೆಯೇ ನಿಂತು ಕರೆದಳು.

"ಹತ್ರ ಬರ್ಬೇಡಿ ವೈನಿ. ಹೊರಗಾದೆ."

"ಇವತ್ತೇ ಆಗ್ಬೇಕಿತ್ತಾ ಮಾರಾಯ್ತಿ?"

"ನನ್ನ ಕೇಳಿ ಆಗ್ತದಾ? ಆ ದ್ವೀಪದಲ್ಲಿ ಹೆಂಗಸರು ಹೊರಗೇ ಆಗುದಿಲ್ವೋ ಏನೋ, ಮಾಸ್ತರ್ರನ್ನೇ ಕೇಳಿ."

ಜಯಂತಿ ಗಂಡನ ಮುಂದೆ ಹೋದಳು. "ಇವತ್ತೊಂದಿನ ನೀವೇ ಗಂಜಿ ಬೇಯಿಸ್ಕೊಳ್ತೀರಾ?"

ದೇವಿದಾಸ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳೂ ಒಂದು ಮಾತಾಡಬಹುದಿತ್ತು. "ಗಂಡಸರು ಬೇಯಿಸಿದ್ದು ನಮ್ಮ ಆಯಿ ಉಣ್ತಾಳಾ? ನಾಡಿದ್ದು ಹೋಗು. ನಾನೇ ಕರ್ಕೊಂಡು ಹೋಗ್ತೆ," ಎಂದ ಮೆಲ್ಲಗೆ.

ತಾನೂ ಹೊರಗಾದೆ ಎಂದುಬಿಟ್ಟರೆ? ಒಲೆಯೇನೋ ತಪ್ಪುತ್ತಿತ್ತು. ಆದರೆ ಹೊರಗಾದವಳನ್ನು ಮೋಟಾರು ಹತ್ತಿಸುವವರು ಯಾರು? ಹಿತ್ತಲ ಮೂಲೆಯಲ್ಲಿ ಚಾಪೆ ಕೊಟ್ಟು ಕೂರಿಸುತ್ತಾರೆ. ಹೇಗೋ ಹಟ್ಟಿಕೇರಿ ಸೇರಿದರೂ ಅಂಗಳದಲ್ಲೇ ನಿಲ್ಲಬೇಕು. ಆಯಿಯ ಬಾಯಿಗೆ ಒಂದು ಹನಿ ನೀರು ಬಿಡುವಂತಿಲ್ಲ.

ಅವಳು ಮೂರು ಮನೆಯ ಅಕ್ಕಿ ತೊಳೆಯುತ್ತಿರುವಾಗ ಮೋಟಾರು ಹಾರ್ನು ಹಾಕಿ ಕಾರವಾರದ ಕಡೆಗೆ ಹೋಯಿತು. ಜಗಲಿಯಿಂದ ಯಾರೋ ಚಹಾ ಕೇಳಿದರು.