ಯುವರಾಜನ ತೊಟ್ಟಿಲು

ಗುಡ್ಡದ ಮೇಲಿನ ಕೋಟೆಯಲ್ಲಿ ಈಗ ಒಂದು ರಾಜನ ಕೋಣೆ ಇದೆ. ನಾನು ಚಿಕ್ಕವಳಿದ್ದಾಗ ಅಲ್ಲಿ ಆಡುಗಳು ಮಲಗುತ್ತಿದ್ದವು. ಕೋಟೆಯನ್ನು ಗುತ್ತಿಗೆ ಹಿಡಿದವರು ಹಿಕ್ಕೆ ಗುಡಿಸಿ, ಚಿರೆಕಲ್ಲಿನ ಗೋಡೆಗೆ ಬಣ್ಣ ಬಳಿದು, ಕೆಂಪು ಮಖಮಲ್ಲಿನ ಪರದೆ ಇಳಿಬಿಟ್ಟಿದ್ದಾರೆ. ಚಿನ್ನದ ಬಣ್ಣದ ಕುರ್ಚಿ, ತಗಡಿನ ಕತ್ತಿಗಳು, ಪ್ಲಾಸ್ಟರಿನ ಜಿಂಕೆಯ ತಲೆ. ಪರದೆಯ ಹಿಂದೆ ಅಡಗಿಸಿಟ್ಟ ಸ್ಪೀಕರಿನಿಂದ ಶಹನಾಯಿ. ಊದುಬತ್ತಿ ಸಾಲದೆಂದು ಅತ್ತರಿನ ಸ್ಪ್ರೇ ಬೇರೆ. ಇಲ್ಲಿ ಯಾವ ರಾಜ ಮಲಗಿದ್ದನೋ ದೇವರೇ ಬಲ್ಲ. ಅದು ಮದ್ದುಗುಂಡು ಇಡುವ ಕೋಣೆಯಾಗಿತ್ತು ಎಂದು ನಮ್ಮಜ್ಜಿ ಹೇಳುತ್ತಿದ್ದಳು.

ಆ ಕೋಣೆಯ ನಟ್ಟನಡುವೆ ನಮ್ಮ ತೊಟ್ಟಿಲು ನಿಂತಿದೆ.

ನಮ್ಮದು ಎಂದರೆ ನಮ್ಮೊಂದು ಮನೆಯದಲ್ಲ. ಹಲಸಿನ ಮರದ ಆ ತೊಟ್ಟಿಲು ದೇವಬಾಗದಿಂದ ಮಂಜಗುಣಿಯವರೆಗೆ ಮೀನು ಹಿಡಿಯುವ ನಮ್ಮ ಬಳಗಕ್ಕೆಲ್ಲ ಒಂದೇ. ಕೊನೆಯ ಮಗು ಯಾರ ಮನೆಯಲ್ಲಿ ಮಲಗಿತ್ತೋ ಅಲ್ಲೇ ಇರುತ್ತಿತ್ತು. ಇನ್ನೊಂದು ಮನೆಯಲ್ಲಿ ಹೆರಿಗೆಯಾದರೆ ಬಾರಸೆಗೆ, ಅಂದರೆ ಹೆಸರಿಡುವ ದಿನಕ್ಕೆ, ಅಲ್ಲಿಗೆ ಹೋಗುತ್ತಿತ್ತು. ಕೇಳಿದವರಿಗೆ ಯಾರೂ ಇಲ್ಲವೆಂದಿದ್ದಿಲ್ಲ. ಸಿಗಲಿಲ್ಲವೆಂದರೆ ಅದರಲ್ಲಿ ಬೇರೊಂದು ಮಗು ಇದೆ ಎಂದೇ ಅರ್ಥ. ಅದಕ್ಕೆ ಯಾರೂ ಮುಖ ಊದಿಸಿಕೊಳ್ಳುತ್ತಿರಲಿಲ್ಲ. ನಾನು ಅದರಲ್ಲೇ ಮಲಗಿದವಳು, ನನ್ನ ಮಗಳೂ.

ಹೋದ ವರ್ಷ ಮಗಳು ಹೆತ್ತಾಗ ತೊಟ್ಟಿಲು ಮಂಜಗುಣಿಯಲ್ಲಿ ನನ್ನ ತಮ್ಮನ ಮನೆಯಲ್ಲಿ ಇರಬೇಕಿತ್ತು. ಹೋಗಿ ಕೇಳಿದರೆ ತಲೆ ಕೆರೆದುಕೊಂಡ.

“ಕೋಟೆಯವ್ರು ಬಂದು ಕೇಳಿದ್ರು, ಕೊಟ್ಬಿಟ್ಟೆ. ರಾಜನ ಕೋಣೇಲಿ ಇಡ್ತ್ರು ಅಂದ್ರೆ ನಮ್ಗೂ ಮಾನ ಅಲ್ವನೇ ಅಕ್ಕಾ?”

ಮಾನವಂತೆ. ಕೆನ್ನೆಗೆ ಎರಡು ಬಿಗಿಯಬೇಕು ಎನಿಸಿತು. ಬಳಗದ ಸೊತ್ತನ್ನು ಕೊಡಲು ಇವನ್ಯಾರು?

ಮರುದಿನ ಕೋಟೆ ಹತ್ತಿದೆ. ನಮ್ಮ ಮಕ್ಕಳ ಉಚ್ಚೆಗೆ ಕಪ್ಪಾಗಿದ್ದ ಹಲಗೆಗೆ ಪಾಲಿಶ್ ಹೊಡೆದು ಜರಿಯ ಹಾಸು ಹಾಸಿದ್ದರು. ಅದರ ಮೇಲೆ ಕಿರೀಟ ತೊಟ್ಟ ಪ್ಲಾಸ್ಟಿಕ್ ಗೊಂಬೆ. ಪಕ್ಕದ ಫಲಕದಲ್ಲಿ ‘ಯುವರಾಜನ ತೊಟ್ಟಿಲು’ ಎಂದಿತ್ತು. ಒಂದು ದಿನದ ಮಟ್ಟಿಗೆ ಕೊಡಿ, ನಾನೇ ತಂದು ಮುಟ್ಟಿಸುತ್ತೇನೆ ಎಂದು ಕಾವಲಿನವನನ್ನು ಬೇಡಿದೆ. ಬೇಡಿದೆ ಎಂದು ಬರೆಯುವಾಗ ಈಗಲೂ ಮೈ ಉರಿಯುತ್ತದೆ.

“ಮಾವಶಿ, ಅದು ರಾಜರ ಕಾಲದ್ದು, ಮುಟ್ಟೂಕೂ ಇಲ್ಲ. ಮಗು ಒದ್ದೆ ಮಾಡ್ಬಿಟ್ರೆ ಎಂತ ಮಾಡುದು?” ಎಂದ.

ಬಾರಸೆಯ ದಿನ ಹಬ್ಬುವಾಡದ ನಮ್ಮ ಮನೆಯಲ್ಲಿ ನನ್ನ ಹಳೆಯ ಸೀರೆಯನ್ನೇ ಜೋಲಿ ಕಟ್ಟಿ ಮಗುವಿಗೆ ಹೆಸರಿಟ್ಟೆವು. ಕೋಟೆಯ ಸಂಗತಿಯನ್ನು ಬಾಣಂತಿ ಮಗಳಿಗೆ ನಾನು ಹೇಳಿರಲಿಲ್ಲ. ತೊಟ್ಟಿಲು ಬರಲಿಲ್ಲವೆಂದು ಅವಳು ಸ್ವಲ್ಪವೂ ಬೇಸರಪಟ್ಟುಕೊಳ್ಳಲಿಲ್ಲ.

“ಬೇರೆ ಯಾರದೋ ಮಗು ಮಲ್ಗಿರ್ಬೇಕು ಅಲ್ವ ಆಯಿ? ಮಲ್ಗಲಿ ಬಿಡು,” ಎಂದಳು. ಜೋಲಿ ತೂಗುತ್ತಲೇ ಕೇಳಿದಳು, “ಯಾರ ಮನೇದು?”

“ರಾಜನ ಮನೇದು,” ಎಂದೆ.